ಯಾವ ಗಾಯ ತಾನಾಗಿ ಮಾಯುತ್ತದೆ, ಯಾವುದಕ್ಕೆ ವೈದ್ಯರು ಬೇಕು?

ಮೊಣಕಾಲು ತರಚಿಕೊಂಡ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ಮನೆಗಳಿವೆ. ಬಚ್ಚಲಲ್ಲಿ ಜಾರಿ ಬಿದ್ದು ಏಳಲಾಗದ ಅಜ್ಜಿಗೆ ಎಣ್ಣೆ ತಿಕ್ಕಿ, ‘ಎರಡು ದಿನ ಮಲಗಿದರೆ ಸರಿಹೋಗುತ್ತೆ’ ಎನ್ನುವ ಮನೆಗಳೂ ಇವೆ. ಎಷ್ಟೋ ಸಲ ಇವೆರಡೂ ಒಂದೇ ಮನೆ. ಮೊದಲನೆಯದರಲ್ಲಿ ಅರ್ಧ ದಿನ, ಒಂದಿಷ್ಟು ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಅಜ್ಜಿಯ ನಡಿಗೆಯೇ ಹೋಗುತ್ತದೆ, ಕೆಲವೊಮ್ಮೆ ಜೀವವೂ.

ಗಾಯವನ್ನು ಮಾಯಿಸುವುದು ದೇಹವೇ. ವೈದ್ಯರು ಅದಕ್ಕೆ ಅನುವು ಮಾಡಿಕೊಡುತ್ತಾರೆ: ಬೇರ್ಪಟ್ಟ ಅಂಚುಗಳನ್ನು ಹತ್ತಿರ ತರುತ್ತಾರೆ, ಒಳಗೆ ಸೇರಿದ ಮಣ್ಣು, ನಂಜು ತೆಗೆಯುತ್ತಾರೆ, ಮುರಿದ ಮೂಳೆಯನ್ನು ನೇರಕ್ಕೆ ತಂದು ಅಲುಗದಂತೆ ಹಿಡಿಯುತ್ತಾರೆ. ಈ ಅನುವು ಮೊದಲೇ ಇದ್ದರೆ ಆಸ್ಪತ್ರೆ ಬೇಡ. ಇಲ್ಲದಿದ್ದರೆ ಎಷ್ಟು ದಿನ ಕಾದರೂ ಫಲವಿಲ್ಲ. ಗಾಯ ಮಾಯದೆ ಉಳಿಯಬಹುದು ಅಥವಾ ವಕ್ರವಾಗಿ ಮಾಯಬಹುದು.

ಆದ್ದರಿಂದ ಪೆಟ್ಟು ಬಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ಪೆಟ್ಟು ಬಿದ್ದ ಅಂಗ ಮೊದಲಿನಂತೆ ಕೆಲಸ ಮಾಡುತ್ತಿದೆಯೇ? ಗಾಯದ ಒಳಗೆ ಮಣ್ಣು, ಗಾಜು, ಪ್ರಾಣಿಯ ಜೊಲ್ಲು ಸೇರಿದೆಯೇ? ಇವತ್ತು ನಿನ್ನೆಗಿಂತ ಮೇಲೇ? ಮುಂದೆ ಹೇಳುವುದೆಲ್ಲ ಈ ಮೂರರ ವಿವರಣೆಯೇ.

ದೇಹದ ಲೆಕ್ಕಾಚಾರ

ಚರ್ಮ ಕೊಯ್ದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ಮೂರು–ನಾಲ್ಕು ದಿನ ಗಾಯದ ಸುತ್ತ ಕೆಂಪು, ಬಾವು, ಬಿಸಿ, ನೋವು ಇರುತ್ತದೆ. ಇದು ನಂಜಲ್ಲ. ಬಿಳಿ ರಕ್ತಕಣಗಳು ಬಂದು ಕಸ ಗುಡಿಸುವ ಹಂತ. ನಂತರ ಎರಡು–ಮೂರು ವಾರ ಹೊಸ ರಕ್ತನಾಳ, ಹೊಸ ಚರ್ಮ ಬೆಳೆಯುತ್ತವೆ. ಆಮೇಲೆ ಕಲೆ ಗಟ್ಟಿಯಾಗುತ್ತಾ ಹೋಗುವುದಕ್ಕೆ ಒಂದು ವರ್ಷವೇ ಹಿಡಿಯಬಹುದು. ಆದರೂ ಅದು ಮೊದಲಿನ ಚರ್ಮದ ಬಲದ ಶೇ. 80ರಷ್ಟನ್ನು ಮಾತ್ರ ಮುಟ್ಟುತ್ತದೆ.

ಯಾವ ಭಾಗ ಬೇಗ ಮಾಯುತ್ತದೆ ಎಂಬುದು ಮುಖ್ಯವಾಗಿ ರಕ್ತದ ಹರಿವಿನ ಮೇಲೆ ನಿಂತಿದೆ. ಮುಖ, ನಾಲಿಗೆ, ನೆತ್ತಿಗೆ ರಕ್ತ ಧಾರಾಳವಾಗಿ ಹರಿಯುವುದರಿಂದ ಅಲ್ಲಿನ ಗಾಯ ಬೇಗ ಕೂಡಿಕೊಳ್ಳುತ್ತದೆ. ಕಾಲಿನ ಮುಂಭಾಗ ಮತ್ತು ಪಾದದ ಗಾಯ ನಿಧಾನ. ಮೊಣಕಾಲಿನೊಳಗಿನ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಹೊರ ಅಂಚಿಗೆ ಮಾತ್ರ ರಕ್ತ ಸಿಗುತ್ತದೆ. ಅಲ್ಲಿನ ಸೀಳು ಕೂಡಬಹುದು, ಒಳ ಅಂಚಿನದು ಕೂಡುವುದು ಕಷ್ಟ. ತುಂಡಾದ ನರವನ್ನು ಹೊಲಿದ ಮೇಲೂ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅಂಗೈಯಲ್ಲಿ ನರ ತುಂಡಾದರೆ ಬೆರಳ ತುದಿಗೆ ಸ್ಪರ್ಶ ಮರಳಲು ತಿಂಗಳುಗಳೇ ಬೇಕು.

ಕೊಯ್ದ ಗಾಯ, ತರಚು ಗಾಯ

ಮೊದಲು ರಕ್ತ ನಿಲ್ಲಿಸಬೇಕು. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಪೂರ್ತಿ ಹತ್ತು ನಿಮಿಷ, ನಡುವೆ ತೆಗೆದು ನೋಡದೆ. ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಹತ್ತು ನಿಮಿಷ ಒತ್ತಿದ ಮೇಲೂ ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಕಾಫಿಪುಡಿ, ಅರಿಶಿನ, ಸುಣ್ಣ, ಬೂದಿ ಇವ್ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಅವು ಕ್ರಿಮಿಗಳನ್ನು ಒಳಗೊಯ್ಯಬಹುದು. ಆಮೇಲೆ ಗಾಯದ ಆಳ ನೋಡಲೂ ಬಿಡುವುದಿಲ್ಲ. ರಕ್ತ ನಿಂತ ಮೇಲೆ ಕುಡಿಯುವಷ್ಟು ಶುದ್ಧವಾದ ನೀರನ್ನು ಧಾರೆಯಾಗಿ ಬಿಟ್ಟು ಚೆನ್ನಾಗಿ ತೊಳೆಯಿರಿ. ಡೆಟಾಲನ್ನು ನೀರು ಬೆರೆಸದೆ ಸುರಿದರೆ ಮಾಯಿಸುವ ಜೀವಕೋಶಗಳೇ ಸುಟ್ಟುಹೋಗುತ್ತವೆ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಲಂಡನ್ನಿನಲ್ಲಿ ಜಾರ್ಜ್ ವಿಂಟರ್ 1962ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬುಡಮೇಲು ಮಾಡಿತು. ಹಂದಿಗಳ ಚರ್ಮದ ಮೇಲೆ ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ತರಚು ಗಾಯಕ್ಕೆ ತೆಳ್ಳಗೆ ವ್ಯಾಸಲಿನ್ ಸವರಿ, ಬ್ಯಾಂಡೇಜು ಹಾಕಿ, ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಒಂದರಿಂದ ಎರಡು ವಾರದಲ್ಲಿ ಮಾಯುತ್ತದೆ.

ಹೊಲಿಗೆ ಯಾವಾಗ ಬೇಕು? ಅಂಚುಗಳು ಬಾಯಿ ಬಿಟ್ಟುಕೊಂಡಿದ್ದರೆ, ಒಳಗೆ ಹಳದಿ ಕೊಬ್ಬು ಕಾಣುತ್ತಿದ್ದರೆ, ಕೀಲಿನ ಮೇಲೆ ಗಾಯವಾಗಿ ಮಡಚಿದಾಗಲೆಲ್ಲ ತೆರೆದುಕೊಳ್ಳುತ್ತಿದ್ದರೆ, ಮುಖದ ಮೇಲಿದ್ದರೆ. ಆರೆಂಟು ಗಂಟೆಯೊಳಗೆ ಹೋಗುವುದು ಒಳ್ಳೆಯದು. ತಡವಾದಷ್ಟೂ ಕ್ರಿಮಿ ಬೆಳೆದು, ಹೊಲಿದರೆ ಒಳಗೆ ಕೀವು ಕಟ್ಟುವ ಅಪಾಯ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಬೆರಳಿನ ಗಾಯದಲ್ಲಿ. ಈಳಿಗೆಮಣೆ, ಕುಡುಗೋಲು, ಒಡೆದ ಗಾಜಿನ ಲೋಟ ತಗುಲಿ ಬೆರಳಿನ ಅಂಗೈ ಬದಿಗೆ ಒಂದು ಸೆಂಟಿಮೀಟರ್ ಗಾಯವಾಗಿದೆ ಎಂದುಕೊಳ್ಳಿ. ರಕ್ತ ನಿಂತಿದೆ, ನೋವೂ ಅಷ್ಟಿಲ್ಲ. ಚರ್ಮ ಒಂದು ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಅದರಡಿಯಲ್ಲಿ ಬೆರಳನ್ನು ಮಡಚುವ ಸ್ನಾಯುರಜ್ಜು ಇದೆ. ಅದು ತುಂಡಾಗಿದ್ದರೆ ಎಳೆದು ಕಟ್ಟಿದ ರಬ್ಬರ್ ಹರಿದಂತೆ ತುದಿಗಳು ದೂರ ಸರಿದಿರುತ್ತವೆ, ತಾವಾಗಿ ಎಂದೂ ಕೂಡುವುದಿಲ್ಲ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಇನ್ನೊಂದು ಕೈಯಿಂದ ಗಾಯವಾದ ಬೆರಳಿನ ನಡುವಿನ ಗೆಣ್ಣನ್ನು ನೇರವಾಗಿ ಒತ್ತಿ ಹಿಡಿದು, ತುದಿಯ ಗೆಣ್ಣನ್ನು ಮಾತ್ರ ಮಡಚಲು ಹೇಳಿ. ಆಮೇಲೆ ಹತ್ತಿಯ ಬತ್ತಿಯೊಂದನ್ನು ಬೆರಳ ತುದಿಯ ಎರಡೂ ಪಕ್ಕಕ್ಕೆ ಮೆಲ್ಲಗೆ ಸೋಕಿಸಿ. ತುದಿ ಮಡಚದಿದ್ದರೆ, ಮಡಚಿದರೂ ಬಲವಿಲ್ಲದಿದ್ದರೆ, ಒಂದು ಪಕ್ಕ ಜೋಮು ಹಿಡಿದಂತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೊದಲ ಒಂದೆರಡು ವಾರದೊಳಗೆ ಹೊಲಿದರೆ ಬೆರಳು ಉಳಿಯುವ ಸಾಧ್ಯತೆ ಚೆನ್ನಾಗಿದೆ. ತಿಂಗಳುಗಟ್ಟಲೆ ಬಿಟ್ಟರೆ ದೊಡ್ಡ ಆಪರೇಷನ್ನೇ ಬೇಕು.

ಮಣ್ಣು, ಮೊಳೆ, ನಾಯಿಯ ಹಲ್ಲು

ಗಾಯದ ಗಾತ್ರಕ್ಕೂ ಅಪಾಯಕ್ಕೂ ಸಂಬಂಧವೇ ಇಲ್ಲದ ಎರಡು ಸಂದರ್ಭಗಳಿವೆ. ಒಂದು ಧನುರ್ವಾಯು. ತುಕ್ಕಿನಿಂದ ಇದು ಬರುತ್ತದೆಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಇದರ ಕ್ರಿಮಿ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಗದ್ದೆಯಲ್ಲಿ ಚುಚ್ಚಿದ ಮುಳ್ಳು, ಕೊಟ್ಟಿಗೆಯಲ್ಲಿ ತುಳಿದ ಮೊಳೆ ಮಾಡುವ ಸಣ್ಣ, ಆಳವಾದ ತೂತು ಗಾಳಿಯಾಡದ ಜಾಗ. ಆ ಕ್ರಿಮಿಗೆ ಬೇಕಾದ್ದೂ ಅದೇ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 21 ದಿನ ಬೇಕು. ಅಷ್ಟರೊಳಗೆ ಗಾಯ ಮಾಯ್ದೇ ಹೋಗಿರಬಹುದು.

ಮಕ್ಕಳಿಗೆ ಲಸಿಕೆಯ ಸರಣಿ 16ನೇ ವಯಸ್ಸಿನ ಟಿಡಿ ಚುಚ್ಚುಮದ್ದಿನವರೆಗೆ ಇದೆ. ಆಮೇಲೆ ಹತ್ತು ವರ್ಷಕ್ಕೊಂದು ಬೇಕು. ಮಣ್ಣು, ಸಗಣಿ ತಗುಲಿದ ಅಥವಾ ಆಳವಾದ ಗಾಯವಾದರೆ, ಕೊನೆಯ ಚುಚ್ಚುಮದ್ದಾಗಿ ಐದು ವರ್ಷ ದಾಟಿದ್ದರೆ ಮತ್ತೊಂದು ಹಾಕಿಸಬೇಕು. ಲಸಿಕೆಯ ಸರಣಿ ಪೂರ್ತಿ ಆಗಿಲ್ಲದವರಿಗೆ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗಬಹುದು. ಹಳೆಯ ಟಿಟಿಯ ಜಾಗಕ್ಕೆ ಈಗ ಬಂದಿರುವ ಟಿಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ.

ಇನ್ನೊಂದು ರೇಬೀಸ್. ನಾಯಿ, ಬೆಕ್ಕು, ಮಂಗ ಕಚ್ಚಲಿ, ಪರಚಲಿ, ಹಲ್ಲಿನ ಗುರುತು ಕಣ್ಣಿಗೆ ಬೀಳದಷ್ಟು ಚಿಕ್ಕದಿರಲಿ, ಅದನ್ನು ‘ತಾನಾಗಿ ಹೋಗುತ್ತೆ’ ಎನ್ನುವ ಪಟ್ಟಿಗೆ ಸೇರಿಸಲೇಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಲಕ್ಷಣಕ್ಕೆ ಮೊದಲೇ ಸರಿಯಾದ ಚಿಕಿತ್ಸೆಯಾದರೆ ತಡೆಯಬಹುದು. ಕಚ್ಚಿದ ಕೂಡಲೇ ಸೋಪು ಹಾಕಿ, ನಲ್ಲಿಯ ಕೆಳಗೆ ಹದಿನೈದು ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಗಿಡದ ರಸ ಹಚ್ಚಬೇಡಿ. ಅಂದೇ ಲಸಿಕೆ ಶುರುವಾಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ನಾಯಿಯನ್ನು ಹತ್ತು ದಿನ ಗಮನಿಸಿ ಎಂಬ ಮಾತು ಸರಿಯಾದದ್ದೇ. ಆದರೆ ಲಸಿಕೆ ಹಾಕಿಸುತ್ತಲೇ ಗಮನಿಸಬೇಕು, ಹಾಕಿಸದೆ ಕಾಯಬಾರದು.

ಸುಟ್ಟ ಗಾಯ

ಬಿಸಿ ಸಾರು, ಕಾದ ಎಣ್ಣೆ, ಬೈಕಿನ ಸೈಲೆನ್ಸರ್ ಯಾವುದರಿಂದ ಸುಟ್ಟರೂ ಮೊದಲ ಮದ್ದು ನಲ್ಲಿ ನೀರು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ತಕ್ಷಣ ಆಗದಿದ್ದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ಐಸ್ ಬೇಡ, ಅದು ಚರ್ಮದ ರಕ್ತನಾಳಗಳನ್ನು ಬಿಗಿಗೊಳಿಸಿ ಗಾಯವನ್ನು ಆಳಗೊಳಿಸುತ್ತದೆ. ಪೇಸ್ಟ್, ಇಂಕು, ಬೆಣ್ಣೆ, ದೋಸೆ ಹಿಟ್ಟು ಬೇಡ. ಬಳೆ, ಉಂಗುರ, ಕಾಲುಂಗುರವನ್ನು ಬಾವು ಬರುವ ಮೊದಲೇ ತೆಗೆಯಿರಿ. ಗುಳ್ಳೆ ಒಡೆಯಬೇಡಿ.

ಬರೀ ಕೆಂಪಾಗಿ ಉರಿಯುತ್ತಿದ್ದರೆ ಒಂದು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಗುಳ್ಳೆಯೆದ್ದು, ಒಳಗೆ ಗುಲಾಬಿ ಬಣ್ಣವಾಗಿ ತೇವವಿದ್ದು, ಮುಟ್ಟಿದರೆ ಬಹಳ ನೋಯುವಂಥದು ಎರಡು–ಮೂರು ವಾರ ತೆಗೆದುಕೊಳ್ಳುತ್ತದೆ. ಬಿಳಿಚಿ, ಕಪ್ಪಾಗಿ, ತೊಗಲಿನಂತೆ ಒರಟಾಗಿ, ಮುಟ್ಟಿದರೂ ನೋಯದಿದ್ದರೆ ಸಮಾಧಾನ ಪಡಬೇಡಿ. ನೋವು ತಿಳಿಸುವ ನರದ ತುದಿಗಳೇ ಸುಟ್ಟಿವೆ ಎಂದರ್ಥ. ಇಂಥ ಆಳದ ಗಾಯ ಸ್ವಲ್ಪ ದೊಡ್ಡದಿದ್ದರೂ ಚರ್ಮದ ಕಸಿ ಬೇಕಾಗುತ್ತದೆ.

ಗಾಯಗೊಂಡವರ ಸ್ವಂತ ಅಂಗೈ, ಬೆರಳು ಸೇರಿ, ಅವರ ಮೈಯ ಸುಮಾರು ಶೇ. 1ರಷ್ಟು. ಗುಳ್ಳೆಯೆದ್ದ ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಜನನಾಂಗದ ಮೇಲಿದ್ದರೆ, ಚಿಕ್ಕ ಮಗುವಿಗಾಗಿದ್ದರೆ ವೈದ್ಯರಿಗೆ ತೋರಿಸಿ. ಕರೆಂಟು ಹೊಡೆದ ಗಾಯಕ್ಕಂತೂ ಆಸ್ಪತ್ರೆ ಕಡ್ಡಾಯ. ಪಂಪ್‌ಸೆಟ್ಟಿನ ವೈರು ತಗುಲಿದ ಕೈಯಲ್ಲಿ ಒಂದು ಚುಕ್ಕೆ ಮಾತ್ರ ಸುಟ್ಟಿರಬಹುದು. ಒಳಗೆ ಸ್ನಾಯು ಬೆಂದಿರಬಹುದು, ಹೃದಯದ ಬಡಿತ ತಪ್ಪಿರಬಹುದು.

ಉಳುಕೋ, ಮುರಿತವೋ?

ಕಾಲು ಹೊರಳಿ ಗಿಣ್ಣು ಬಾತುಕೊಂಡಾಗ ಎಲ್ಲರೂ ಕೇಳುವ ಪ್ರಶ್ನೆ ಇದು. ಬಾವಿನ ಗಾತ್ರ ನೋಡಿ ಹೇಳಲಾಗದು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ರೂಪಿಸಿದ ನಿಯಮಗಳನ್ನು ಇಂದಿಗೂ ಪ್ರಪಂಚದಾದ್ಯಂತ ತುರ್ತು ಚಿಕಿತ್ಸಾ ಘಟಕಗಳು ಬಳಸುತ್ತವೆ. ಅದರ ಸಾರ ಹೀಗಿದೆ: ಬಿದ್ದ ಕೂಡಲೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಕಾಲಿನ ಎರಡೂ ಪಕ್ಕ ಉಬ್ಬಿರುವ ಗಿಣ್ಣಿನ ಮೂಳೆಯ ಹಿಂಬದಿಯ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿದಾಗ ಮೂಳೆಯಲ್ಲೇ ನೋವಾದರೂ ಬೇಕು. ಪಾದದ ಹೊರ ಅಂಚಿನ ನಡುವೆ ಇರುವ ಮೂಳೆಯ ಉಬ್ಬನ್ನು ಅಥವಾ ಒಳಪಕ್ಕದಲ್ಲಿ ಗಿಣ್ಣಿನ ಮುಂದಿರುವ ಮೂಳೆಯನ್ನು ಒತ್ತಿದಾಗ ನೋವಾದರೂ ಬೇಕು. ಇವ್ಯಾವೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಬರೀ ಉಳುಕಾದರೆ ಮೊದಲ ಎರಡು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದಿಪ್ಪತ್ತು ನಿಮಿಷ ದಿನಕ್ಕೆ ಮೂರು–ನಾಲ್ಕು ಸಲ, ಕ್ರೇಪ್ ಬ್ಯಾಂಡೇಜು, ಮಲಗಿದಾಗ ಕಾಲಿನಡಿಗೆ ದಿಂಬು. ಈ ಎರಡು ದಿನ ಬಿಸಿ ಶಾಖ, ತಿಕ್ಕುವುದು ಬೇಡ. ನಂತರ ನೋವು ಅನುಮತಿಸಿದಷ್ಟು ನಡೆಯಿರಿ. ಸಣ್ಣ ಉಳುಕು ಒಂದೆರಡು ವಾರಕ್ಕೆ ಸರಿಹೋಗುತ್ತದೆ, ದೊಡ್ಡದು ಮೂರು ತಿಂಗಳವರೆಗೂ ಕಾಡಬಹುದು.

ಮುರಿದ ಮೂಳೆಗಳಲ್ಲೂ ತಾನಾಗಿ ಕೂಡುವಂಥವಿವೆ. ಪಕ್ಕೆಲುಬಿನ ಬಿರುಕಿಗೆ ಕಟ್ಟು ಹಾಕುವುದೇ ಇಲ್ಲ, ನೋವಿನ ಮಾತ್ರೆ ಮತ್ತು ಆರು ವಾರ ಸಾಕು. ಉಸಿರಾಡಲು ಕಷ್ಟವಾದರೆ ಮಾತ್ರ ಓಡಬೇಕು. ಕೊರಳೆಲುಬು ಹೆಚ್ಚಿನ ಸಲ ಜೋಳಿಗೆ ಪಟ್ಟಿಯಲ್ಲೇ ಕೂಡುತ್ತದೆ. ಆದರೆ ಎರಡು ಮುರಿತಗಳನ್ನು ಮರೆಯಬೇಡಿ.

ಒಂದು ಮಣಿಕಟ್ಟಿನದು. ಕೈಯೂರಿ ಬಿದ್ದಾಗ, ಹೆಬ್ಬೆರಳನ್ನು ಚಾಚಿದರೆ ಅದರ ಬುಡದಲ್ಲಿ ಕಾಣುವ ಪುಟ್ಟ ಗುಳಿಯನ್ನು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಸ್ಕ್ಯಾಫಾಯ್ಡ್ ಎಂಬ ಗೋಡಂಬಿ ಗಾತ್ರದ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದಿರಬಹುದು, ಹತ್ತು–ಹದಿನಾಲ್ಕು ದಿನದ ಮೇಲೆ ಮತ್ತೆ ತೆಗೆಸಬೇಕು. ರಕ್ತದ ಹರಿವು ಕಡಿಮೆಯಿರುವ ಈ ಮೂಳೆಯನ್ನು ಅಲಕ್ಷ್ಯ ಮಾಡಿದರೆ ಅದು ಕೂಡದೆ, ಮಣಿಕಟ್ಟು ಬರಬರುತ್ತಾ ಸವೆದುಹೋಗುತ್ತದೆ.

ಇನ್ನೊಂದು ವಯಸ್ಸಾದವರ ಸೊಂಟದ ಬಳಿಯ ತೊಡೆಮೂಳೆ. ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ತೊಡೆಸಂದಿಯಲ್ಲಿ ನೋವಿದ್ದರೆ ಮುರಿತವೆಂದೇ ತಿಳಿಯಿರಿ. ಅದಕ್ಕೆ ಆಪರೇಷನ್ ಬೇಕು, ಎರಡು ದಿನದೊಳಗೆ ಆದರೆ ಒಳ್ಳೆಯದು. ಅಷ್ಟು ವಯಸ್ಸಾದವರಿಗೆ ಆಪರೇಷನ್ ಯಾಕೆ ಎಂದು ಮಲಗಿಸಿಬಿಟ್ಟರೆ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಅವರನ್ನು ತಿನ್ನುತ್ತವೆ. ವಯಸ್ಸಾಗಿದೆ ಎಂಬುದೇ ಅವರನ್ನು ಬೇಗ ಎಬ್ಬಿಸಿ ಕೂರಿಸಲು ದೊಡ್ಡ ಕಾರಣ.

ಕಟ್ಟಿನ ಮಾತು

ಆಂಧ್ರದ ಪುತ್ತೂರಿನ ಮೂಳೆ ಕಟ್ಟಿಗೆ ನಮ್ಮ ಕಡೆಯಿಂದ ಹೋಗುವವರು ಬಹಳ. ‘ಪುತ್ತೂರು ಕಟ್ಟು’ ಎಂಬ ಬೋರ್ಡು ಬೆಂಗಳೂರಿನ ಬೀದಿಗಳಲ್ಲೂ ಇದೆ. ಅಲುಗದಂತೆ ಹಿಡಿದರೆ ಎಷ್ಟೋ ಮೂಳೆಗಳು ಕೂಡುತ್ತವೆ, ಅದಕ್ಕೇ ಕಟ್ಟು ಹಾಕಿಸಿಕೊಂಡು ಗುಣವಾದವರೂ ಸಿಗುತ್ತಾರೆ. ಮೂಳೆ ಜಾಗ ತಪ್ಪಿದೆಯೇ, ಕೀಲಿನೊಳಗೆ ಮುರಿದಿದೆಯೇ, ಮಗುವಿನ ಮೂಳೆ ಬೆಳೆಯುವ ತುದಿಗೆ ಪೆಟ್ಟಾಗಿದೆಯೇ ಎಂಬುದು ಮಾತ್ರ ಕೈಯಿಂದ ಮುಟ್ಟಿ ತಿಳಿಯದು. ಎಕ್ಸ್‌ರೇ ತೆಗೆಸದೆ, ಅದನ್ನು ಓದಬಲ್ಲವರಿಗೆ ತೋರಿಸದೆ ಯಾವ ಕಟ್ಟನ್ನೂ ಹಾಕಿಸಬೇಡಿ. ಚರ್ಮ ಹರಿದು ಮೂಳೆ ಮುರಿದಿದ್ದರೆ ನೇರ ಆಸ್ಪತ್ರೆಗೇ ಹೋಗಿ.

ಕಟ್ಟು ಎಲ್ಲೇ ಹಾಕಿಸಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಮೊದಲ ಎರಡು ದಿನ ಬೆರಳುಗಳನ್ನು ನೋಡುತ್ತಿರಿ. ಮಾತ್ರೆಗೂ ಬಗ್ಗದ ನೋವು, ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿದರೂ ಕಿರುಚುವಷ್ಟು ಸಂಕಟ, ಜೋಮು, ತಣ್ಣಗಾಗುವುದು, ಬಿಳಿಚುವುದು ಕಂಡರೆ ಕಟ್ಟು ಬಿಗಿಯಾಗಿದೆ ಅಥವಾ ಒಳಗೆ ಒತ್ತಡ ಏರಿದೆ. ಸುಮಾರು ಆರು ಗಂಟೆಯಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ನಡುರಾತ್ರಿಯಾದರೂ ಹೋಗಿ ಬಿಚ್ಚಿಸಲೇಬೇಕು.

ಹೊರಗೆ ಕಾಣದ ಪೆಟ್ಟು

ತಲೆಗೆ ಪೆಟ್ಟಾದಾಗ ಹಣೆಯ ಬೋರೆ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ. ಎಚ್ಚರ ತಪ್ಪಿತೇ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾಯಿತೇ, ತಲೆನೋವು ಏರುತ್ತಿದೆಯೇ, ಮಾತು ತೊದಲುತ್ತಿದೆಯೇ, ಫಿಟ್ಸ್ ಬಂತೇ, ಮೂಗು–ಕಿವಿಯಿಂದ ನೀರಿನಂಥ ದ್ರವ ಸೋರುತ್ತಿದೆಯೇ ನೋಡಿ. ಒಂದಿದ್ದರೂ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಬೇಕು. ಬಿದ್ದವರು ಎದ್ದು, ಚೆನ್ನಾಗಿ ಮಾತನಾಡಿ, ಕೆಲವು ಗಂಟೆಗಳ ಮೇಲೆ ಮಂಕಾಗುವುದುಂಟು. ತಲೆಬುರುಡೆಯೊಳಗೆ ರಕ್ತ ಸೇರುತ್ತಿರುವ ಲಕ್ಷಣ ಅದು. ಹಾಗಾಗಿ ಮೊದಲ 24 ಗಂಟೆ ಜೊತೆಯಲ್ಲಿ ಯಾರಾದರೂ ಇರಲಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ತಲೆಗೆ ಪೆಟ್ಟಾದರೆ ಲಕ್ಷಣಕ್ಕೆ ಕಾಯುವುದೇ ಬೇಡ.

ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ಗುದ್ದಿ, ಆಮೇಲೆ ಹೊಟ್ಟೆ ನೋವು, ತಲೆಸುತ್ತು, ಬಿಳಿಚುವಿಕೆ ಕಂಡರೆ ಒಳಗೆ ಗುಲ್ಮವೋ ಯಕೃತ್ತೋ ರಕ್ತ ಸೋರುತ್ತಿರಬಹುದು. ಕಣ್ಣಿಗೆ ಭತ್ತದ ಗರಿ, ಅಡಕೆ ಸಿಪ್ಪೆ ತಗುಲಿದ ಮೇಲೆ ಕೆಂಪು, ಮಂಜು ಮರುದಿನವೂ ಇದ್ದರೆ ಕಣ್ಣಿನ ವೈದ್ಯರೇ ಬೇಕು; ಮನೆಯಲ್ಲಿದ್ದ ಹಳೆಯ ಡ್ರಾಪ್ಸ್ ಹಾಕಬೇಡಿ, ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಉಲ್ಬಣಿಸುತ್ತದೆ. ಎಲೆಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೆ ಅರ್ಧ ಗಂಟೆ ನೀರು ಬಿಟ್ಟು ತೊಳೆದೇ ಆಸ್ಪತ್ರೆಗೆ ಹೊರಡಬೇಕು. ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಬಂದರೆ ಬೇರನ್ನು ಮುಟ್ಟದೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹಲ್ಲು ಮತ್ತೆ ಕೂರಬಹುದು.

ಯಾರ ಗಾಯ?

ಒಂದೇ ಗಾಯ ಇಬ್ಬರಲ್ಲಿ ಒಂದೇ ಥರ ಮಾಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶ ಕುಗ್ಗಿರುತ್ತದೆ, ರಕ್ತನಾಳ ಕಿರಿದಾಗಿರುತ್ತದೆ, ಬಿಳಿ ರಕ್ತಕಣಗಳೂ ಸೊರಗಿರುತ್ತವೆ. ಹೊಸ ಚಪ್ಪಲಿ ಕಚ್ಚಿದ ಗುಳ್ಳೆ ಅವರ ಗಮನಕ್ಕೇ ಬಾರದೆ ಹುಣ್ಣಾಗಿ, ಬೆರಳು ತೆಗೆಸುವವರೆಗೆ ಹೋಗಬಹುದು. ಅವರ ಪಾದದ ಯಾವ ಗಾಯಕ್ಕೂ ಕಾಯುವ ಅವಧಿ ಇಲ್ಲ, ಒಂದು ದಿನದೊಳಗೆ ತೋರಿಸಬೇಕು. ಬೀಡಿ–ಸಿಗರೇಟು ಸೇದುವವರಲ್ಲಿ ನಿಕೋಟಿನ್ ರಕ್ತನಾಳವನ್ನು ಬಿಗಿಗೊಳಿಸುವುದರಿಂದ ಚರ್ಮವೂ ಮೂಳೆಯೂ ನಿಧಾನವಾಗಿ ಕೂಡುತ್ತವೆ. ಸ್ಟೆರಾಯ್ಡ್ ಮಾತ್ರೆ ನುಂಗುವವರು, ಊಟ ಸೇರದೆ ಬಡಕಲಾದ ಹಿರಿಯರು ಇದೇ ಸಾಲಿಗೆ ಸೇರುತ್ತಾರೆ. ಗಾಯವಾದಾಗ ಮೊಟ್ಟೆ, ಮೊಸರು, ಬೇಳೆ ಬಿಡಿಸುವ ಪಥ್ಯ ತಪ್ಪು. ಹೊಸ ಮಾಂಸ ಬೆಳೆಯುವುದೇ ಪ್ರೋಟೀನಿನಿಂದ.

ಕಾಯುವುದೂ ಒಂದು ಕೆಲಸ

ಮನೆಯಲ್ಲೇ ನೋಡಿಕೊಳ್ಳೋಣ ಎಂದು ತೀರ್ಮಾನಿಸಿದರೆ ನೋಡಿಕೊಳ್ಳಲೇಬೇಕು. ಗಾಯದ ಸುತ್ತಲಿನ ಕೆಂಪಿನ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಮರುದಿನ ಕೆಂಪು ಗೆರೆಯ ಒಳಗೆ ಸರಿದಿದ್ದರೆ ಸರಿ. ಗೆರೆ ದಾಟಿದ್ದರೆ, ಕೀವು ಬಂದರೆ, ಜ್ವರ ಬಂದರೆ, ತೋಳಿನುದ್ದಕ್ಕೆ ಕೆಂಪು ಗೆರೆ ಏರಿದರೆ, ನಾಲ್ಕನೇ ದಿನದ ನೋವು ಎರಡನೇ ದಿನಕ್ಕಿಂತ ಹೆಚ್ಚಾದರೆ ವೈದ್ಯರಲ್ಲಿಗೆ ಹೋಗಿ. ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ಕೇಳಿ ತಂದು ಎರಡು ದಿನ ನುಂಗಿ ಬಿಡುವುದು ಬೇಡ. ಮೂರು ವಾರವಾದರೂ ಚರ್ಮ ಕೂಡದ ಗಾಯ ಎಷ್ಟೇ ಚಿಕ್ಕದಿದ್ದರೂ ಪರೀಕ್ಷೆಯಾಗಲಿ.

ರಕ್ತ ನಿಲ್ಲುತ್ತಿಲ್ಲ, ಎಚ್ಚರ ತಪ್ಪಿದೆ, ಉಸಿರು ಕಷ್ಟವಾಗಿದೆ, ಕೈಕಾಲು ಡೊಂಕಾಗಿದೆ ಅಥವಾ ತಣ್ಣಗಾಗಿದೆ, ಕುತ್ತಿಗೆ–ಬೆನ್ನಿಗೆ ಪೆಟ್ಟಾಗಿ ಕಾಲಿನ ಬಲ ಹೋಗಿದೆ ಎಂದಾದರೆ ಬೇರೇನೂ ಯೋಚಿಸದೆ 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿ ಬಿದ್ದಿದ್ದರೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಜೊತೆಗೆ ಒಯ್ಯಿರಿ. ಐಸ್ ಬೆರಳನ್ನು ನೇರವಾಗಿ ಸೋಕಬಾರದು.

ಆಸ್ಪತ್ರೆಗೆ ಹೋಗುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ತಡವಾಗುವುದು ಕೆಲವರದ್ದೇ. ಅಡುಗೆ ಮುಗಿಯಲಿ ಎನ್ನುವ ಅಮ್ಮ, ಕೂಲಿ ತಪ್ಪುತ್ತದೆ ಎನ್ನುವ ಅಪ್ಪ, ಮಕ್ಕಳಿಗೆ ತೊಂದರೆ ಯಾಕೆ ಎಂದು ನೋವು ನುಂಗುವ ಅಜ್ಜ. ಅವರು ‘ಏನಿಲ್ಲ ಬಿಡು’ ಎಂದಾಗ ಅದನ್ನೇ ಉತ್ತರವೆಂದು ಒಪ್ಪಬೇಡಿ. ಬೆರಳು ಮಡಚಲು ಹೇಳಿ, ನಾಲ್ಕು ಹೆಜ್ಜೆ ನಡೆಸಿ, ಪಾದ ಎತ್ತಿ ನೋಡಿ. ಮನೆಯ ಪ್ರತಿಯೊಬ್ಬರೂ ಕೊನೆಯ ಟಿಡಿ ಹಾಕಿಸಿಕೊಂಡ ತಾರೀಖನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಯಾರದ್ದಾದರೂ ನೆನಪಿಗೆ ಬಾರದಿದ್ದರೆ ಈ ವಾರವೇ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.